ಒಣಗಲು ಹಾಕಿದ ಕೌದಿ

"ಗುರುಗಳೇ, ನಾಳೆ ಏನು ಕೇಡು ಬರುವುದೋ ಎಂಬ ಭಯ ನನ್ನನ್ನು ಬಿಡುವುದಿಲ್ಲ. ಎಚ್ಚರ ತಪ್ಪಿದವನು ಕೆಡುತ್ತಾನೆ ಎನ್ನುತ್ತಾರೆ. ಹಾಗಿದ್ದರೆ ಹೆದರಿಕೊಂಡಿರುವುದು ತಪ್ಪೇ?" ಎಂದು ಶಿಷ್ಯ ಭದ್ರಯ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ತಾಯಿಯಿದ್ದಳು. ಅವಳ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹುಟ್ಟಿದ ಕೂಸನ್ನು ಹೊಸ ಬಟ್ಟೆಯ ಮೇಲೆ ಮಲಗಿಸುವ ಪದ್ಧತಿ ಆ ಸೀಮೆಯಲ್ಲಿಲ್ಲ. ಮನೆಯ ಹೆಂಗಸರು ಉಟ್ಟು ಮೆತ್ತಗಾದ ಸೀರೆಗಳನ್ನು ಪದರ ಪದರವಾಗಿ ಹಾಸಿ, ಕೌದಿ ಹೊಲಿದು, ಒಗೆದು ಒಣಗಿಸಿ, ಅದರ ಮೇಲೆ ಮಲಗಿಸುತ್ತಾರೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವ ಪೈಕಿ ಈ ತಾಯಿ. ಮಗಳು ಬಂದ ವಾರದಲ್ಲೇ ಕೌದಿ ಮುಗಿಸಿದ್ದಳು.

ತಿಂಗಳು ತುಂಬುತ್ತಿದ್ದಂತೆ ನೆರೆಯವಳನ್ನು ಕರೆದುಕೊಂಡು ಅದನ್ನು ಒಗೆಯಲು ಹಳ್ಳಕ್ಕೆ ಹೋದಳು. ನೆರೆಯವಳೂ ತನ್ನದೊಂದು ಕೌದಿ ತಂದಿದ್ದಳು. ನೆಂದ ಕೌದಿ ಒಬ್ಬರ ಕೈಗೆ ಬಗ್ಗುವುದಿಲ್ಲ. ಇಬ್ಬರೂ ಎರಡು ತುದಿ ಹಿಡಿದು ಹಿಂಡಿ ಬಂಡೆಯ ಮೇಲೆ ಹರವಿದರು.

"ಪದರು ಭಾಳ ಅದಾವು. ಒಳಗಿನ ನೀರು ಆರೂತನಕ ಮುಟ್ಟಬ್ಯಾಡವ್ವಾ," ಎಂದು ಹೇಳಿ ನೆರೆಯವಳು ತನ್ನ ಕೌದಿಯನ್ನು ಬೇಲಿಗೆ ಹಾಕಿ ಮನೆಗೆ ಹೋದಳು.

ತಾಯಿ ಹೋಗಲಿಲ್ಲ. ಮೋಡದ ಒಂದು ತುಣುಕು ಕಂಡರೂ ಎದ್ದು ನಿಲ್ಲುತ್ತಿದ್ದಳು. ಮಳೆ ಬಂದರೆ? ಇಂದೇ ನೋವು ಶುರುವಾದರೆ? ಕೂಸನ್ನು ಯಾವುದರ ಮೇಲೆ ಮಲಗಿಸಲಿ? ಓಡಿಹೋಗಿ ಕೌದಿಯನ್ನು ಸುತ್ತಿ ಮರದ ಬುಡಕ್ಕೆ ತರುತ್ತಿದ್ದಳು. ಮೋಡ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಮತ್ತೆ ಹರವುತ್ತಿದ್ದಳು, ಮತ್ತೆ ಸುತ್ತುತ್ತಿದ್ದಳು. ಪಾಪ, ಅವಳ ಸಂಕಟವೇನೂ ಸುಳ್ಳಲ್ಲ. ಸಂಜೆ ಮುಟ್ಟಿ ನೋಡಿದಾಗ ಮೇಲಿನ ಪದರು ಒಣಗಿತ್ತು. ಸದ್ಯ, ಬಚಾವಾದೆ ಎಂದುಕೊಂಡು ಮನೆಗೆ ಒಯ್ದು, ಮಡಚಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ನೆರೆಯವಳ ಕೌದಿ ಬೇಲಿಯ ಮೇಲೇ ಉಳಿಯಿತು.

ಕೆಲವು ದಿನಗಳಲ್ಲಿ ಮಗಳಿಗೆ ನೋವು ಬಂತು. ತಾಯಿ ಪೆಟ್ಟಿಗೆ ತೆರೆದಳು. ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಕೌದಿಯ ತುಂಬ ಕಪ್ಪು ಬೂಷ್ಟು ಹಿಡಿದಿತ್ತು; ಒಳಗಿನ ಪದರುಗಳು ಕೈಗೆ ಹಿಸಿದು ಬರುತ್ತಿದ್ದವು. ಕೋಣೆಯಲ್ಲಿ ಕೂಸು ಅತ್ತಿತು. ಪಡಸಾಲೆಯಲ್ಲಿ, ಈಗ ಅಜ್ಜಿಯಾದ ಆ ತಾಯಿಯೂ ಅತ್ತಳು. ಅಷ್ಟರಲ್ಲಿ ನೆರೆಯವಳು ತನ್ನ ಕೌದಿಯನ್ನು ತಂದಳು.

"ಅಳಬ್ಯಾಡ, ಇದರ ಮ್ಯಾಲೆ ಮಲಗಸು. ಬೇಕಾದಷ್ಟು ಬಿಸಿಲು ಉಂಡೈತಿ," ಎಂದಳು.

ಗುರುಗಳು ಕತೆ ನಿಲ್ಲಿಸಿದರು. ಭದ್ರಯ್ಯನಿಗೆ ಸಮಾಧಾನವಾಗಲಿಲ್ಲ.

"ಒಂದು ವೇಳೆ ಮಳೆ ಬಂದಿದ್ದರೆ, ಗುರುಗಳೇ?"

"ಬಂದಿದ್ದರೆ ನೆನೆಯುತ್ತಿತ್ತು, ಮತ್ತೆ ಒಣಗುತ್ತಿತ್ತು. ಆ ಕೌದಿಯನ್ನು ಕೊಳೆಸಿದ್ದು ಬಾರದ ಮಳೆ."