ಶಾಲು ಹೊದ್ದ ಎಮ್ಮೆ

"ಹಾಲಿನ ವಿಷಯದಲ್ಲಿ ನನಗೆ ನಮ್ಮವರು, ಬೇರೆಯವರು ಅನ್ನೋದೇ ಇಲ್ಲ, ಪ್ರಭು!" ಎಂದು ಮಲ್ಲರಸ ಆಸ್ಥಾನದಲ್ಲಿ ಎದೆ ತಟ್ಟಿಕೊಂಡ.

ಹಿರೇಗುಡ್ಡದ ಸಂಸ್ಥಾನಕ್ಕೆ ಹಾಲು ಪರೀಕ್ಷಿಸುವ ಅಧಿಕಾರಿ ಇವನು. ಬೆರಳದ್ದಿ ನೆಕ್ಕಿ 'ಹೂಂ' ಅಂದರೆ ಹಾಲು ಪೇಟೆಗೆ, 'ಉಹೂಂ' ಅಂದರೆ ಚರಂಡಿಗೆ. ಮಹಾನುಭಾವನ ನಾಲಿಗೆ ಎಂಥದ್ದೆಂದರೆ, ಕೆಂಪು ಕೊರಳಪಟ್ಟಿಯ ಎಮ್ಮೆಗಳ ನೀರು ಹಾಲೂ ಅದಕ್ಕೆ ಅಮೃತ. ಉಳಿದವರದ್ದೆಲ್ಲ ಬರೀ ನೀರು!

ಅವತ್ತು ಈರಮ್ಮ ಬರಿಗೊಡ ಹಿಡಿದು ದೂರು ತಂದಿದ್ದಳು. "ಬುದ್ಧೀ, ಒಂದು ಹನಿ ನೀರು ಬೆರೆಸಿದ್ದರೆ ನನ್ನ ಕೈ ಸೇದಿಹೋಗಲಿ. ದಿನಾ ಚೆಲ್ಲಿಸ್ತಾರೆ. ಇರೋ ಒಂದು ಎಮ್ಮೇನೂ ಮಾರಿ ಮಕ್ಕಳನ್ನ ಕಟ್ಟಿಕೊಂಡು ಊರು ಬಿಡಬೇಕಷ್ಟೆ."

ಆಸ್ಥಾನದ ವಿದೂಷಕ ಸಂಕಣ್ಣನಿಗೆ ಅವಳ ಮೇಲೆ ಮರುಕ ಹುಟ್ಟಿತು. ಆದರೂ ಮುಖದ ತುಂಬ ನಗು ತಂದುಕೊಂಡು ಮಲ್ಲರಸನಿಗೆ ಕೈಮುಗಿದ.

"ಅಯ್ಯಯ್ಯೋ, ನಿಮ್ಮನ್ನ ಅನುಮಾನಿಸೋದುಂಟೇ! ಅಂದಹಾಗೆ ಸ್ವಾಮಿ, ಆ ಕೆಂಪು ಪಟ್ಟಿಯ ಎಮ್ಮೆಗಳ ಒಡೆಯರು ಯಾರು?"

"ನನಗೇನು ಗೊತ್ತು? ಅವುಗಳ ಮುಖವನ್ನೇ ನೋಡಿದವನಲ್ಲ ನಾನು."

"ಪ್ರಭು, ಒಂದು ದಿನವೂ ಹಾಲು ಚೆಲ್ಲಿಸಿಕೊಳ್ಳದ ಅಂಥ ಪುಣ್ಯಾತ್ಮರಿಗೆ ಶಾಲು ಹೊದಿಸಬೇಡವೇ? ಸಂಜೆ ಆ ಎಮ್ಮೆಗಳನ್ನು ಗೋಮಾಳದಿಂದ ತಮ್ಮಷ್ಟಕ್ಕೆ ಬಿಡೋಣ. ಅವು ಯಾರ ಮನೆ ಹೊಕ್ಕರೆ ಅವರಿಗೇ ಸನ್ಮಾನ."

ದೊರೆ ಒಪ್ಪಿದ. ಮಲ್ಲರಸನಿಗೆ ಪಾಪ, ಇದ್ದಕ್ಕಿದ್ದಂತೆ ತಲೆನೋವು ಬಂತು. ಮನೆಗೆ ಹೋಗಿಬರ್ತೀನೆಂದ. ಸಂಕಣ್ಣ ಬಿಟ್ಟಾನೆಯೇ? "ಶಾಲು ಹಿಡಿಯೋ ಗೌರವ ನಿಮ್ಮದೇ" ಎಂದು ತಟ್ಟೆಯನ್ನು ಅವನ ಕೈಗಿಟ್ಟ.

ಸಂಜೆ ಎಮ್ಮೆಗಳು ಮುಂದೆ, ದೊರೆಯ ಪರಿವಾರ ಹಿಂದೆ. ಪೇಟೆ ದಾಟಿದ ಎಮ್ಮೆಗಳು ಅತ್ತಿತ್ತ ನೋಡದೆ ಮಲ್ಲರಸನ ಹಿತ್ತಲಿಗೇ ನುಗ್ಗಿದವು.

"ದಾ... ದಾರಿ ತಪ್ಪಿವೆ, ಪ್ರಭು!"

ಒಳಗಿಂದ ಅವನ ಹೆಂಡತಿಯ ದನಿ ಕೇಳಿಸಿತು: "ಬಂದ್ಯೇನೇ ಗೌರಿ? ಬಾ ಬಾ. ನಿಮ್ಮ ಯಜಮಾನರೇ ಇನ್ನೂ ಬಂದಿಲ್ಲ, ನೋಡು!"

ದೊರೆಯ ಕಣ್ಣು ಕೆಂಪಾಯಿತು. ಮಲ್ಲರಸ ತಟ್ಟೆ ಕೆಳಗಿಟ್ಟು ಕೈಮುಗಿದ. "ನನ್ನವಲ್ಲ ಪ್ರಭು, ಹೆಂಡತಿಯವು!"

"ಈರಮ್ಮನ ಹಾಲು ನಾಳೆಯಿಂದ ಅರಮನೆಗೇ ಬರಲಿ" ಎಂದು ದೊರೆ ಅಲ್ಲೇ ಅಪ್ಪಣೆ ಮಾಡಿದ. "ಚೆಲ್ಲಿಸಿದ್ದಕ್ಕೆಲ್ಲ ಇವನು ಬೆಲೆ ತೆರಲಿ. ಇನ್ನು ಮೇಲೆ ಪರೀಕ್ಷೆಯ ಅಧಿಕಾರ ಹಿಡಿಯುವವನು ತನ್ನ ಮನೆಯಲ್ಲಿ, ನೆಂಟರ ಮನೆಯಲ್ಲಿ ಏನು ವ್ಯಾಪಾರವಿದೆ ಎಂದು ಮೊದಲು ಊರ ಮುಂದೆ ಹೇಳಬೇಕು. ಸಂಕಣ್ಣ, ಇವನ ಜಾಗಕ್ಕೆ ಯಾರನ್ನು ನೇಮಿಸೋಣ?"

ಸಂಕಣ್ಣ ಶಾಲು ಬಿಡಿಸಿ ಗೌರಿಯ ಬೆನ್ನಿಗೆ ಹೊದಿಸಿದ.

"ಇವಳನ್ನೇ ನೇಮಿಸಿ, ಪ್ರಭು. ತಾನು ಯಾರ ಮನೆಯವಳು ಅಂತ ಎಲ್ಲರೆದುರು ಒಪ್ಪಿಕೊಂಡವಳು ನಿಮ್ಮ ಸಂಸ್ಥಾನದಲ್ಲಿ ಇವಳೊಬ್ಬಳೇ!"