ಸದ್ದಿಲ್ಲದ ಮನೆ

“ಮೇಡಂ, ಎಲ್ಲೂ ಒಂದು ಚುಕ್ಕೆ ಕಂದು ಬಣ್ಣವಿಲ್ಲ. ಇಷ್ಟು ಸ್ವಚ್ಛವಾಗಿರುವುದನ್ನೂ ಅನುಮಾನಿಸಬೇಕೆ?”

ಕೇಳಿದವನು ಮಾಲತೇಶ, ರೋಗಶಾಸ್ತ್ರ ಕಲಿಯುತ್ತಿದ್ದ ವಿದ್ಯಾರ್ಥಿ. ಅವನ ಮುಂದಿನ ಸೂಕ್ಷ್ಮದರ್ಶಕದಲ್ಲಿ ಒಬ್ಬ ಹೆಂಗಸಿನ ಅಂಡಾಶಯದಿಂದ ತೆಗೆದ ಗಡ್ಡೆಯ ಚೂರಿತ್ತು. ಅದು ಕ್ಯಾನ್ಸರ್ ಎಂಬುದು ಆಗಲೇ ತಿಳಿದಿತ್ತು. ಯಾವ ಜಾತಿಯದು ಎಂಬುದು ಮಾತ್ರ ತಿಳಿದಿರಲಿಲ್ಲ. ನಿಧಾನವಾಗಿ ಬೆಳೆಯುವ ಜಾತಿ ಒಂದು, ಬೇಗ ಹಬ್ಬುವ ಪುಂಡ ಜಾತಿ ಇನ್ನೊಂದು. ಇದು ಕಣ್ಣಿಗೆ ಎರಡರಂತೆಯೂ ಕಾಣುತ್ತಿತ್ತು. ಒಂದಕ್ಕೆ ಕೊಡುವ ಚಿಕಿತ್ಸೆ ಇನ್ನೊಂದಕ್ಕೆ ಸಾಲದು. ಪುಂಡ ಜಾತಿಯೇ ಆಗಿದ್ದರೆ ಅದರ ಬೇರಿನಲ್ಲಿರುವ ದೋಷ ತಾಯಿಯಿಂದ ಮಗಳಿಗೂ ಇಳಿದಿರಬಹುದು. ಆಗ ಮಗಳನ್ನೂ ಪರೀಕ್ಷಿಸಬೇಕು. ಆ ಮಗಳು ರಿಪೋರ್ಟಿಗಾಗಿ ಬೆಳಗಿನಿಂದ ಹೊರಗಿನ ಬೆಂಚಿನ ಮೇಲೆ ಕಾದು ಕೂತಿದ್ದಳು.

ನಿಜ ತಿಳಿಯಲು ಚೂರಿಗೆ ಒಂದು ಬಣ್ಣ ಹಾಕಿದ್ದರು. ಜೀವಕೋಶಗಳಲ್ಲಿ ತಪ್ಪು ನಡೆದಾಗ ತಡೆಯುವ ಒಂದು ಪ್ರೋಟೀನ್ ಇದೆ, ಪಿ53 ಎಂದು ಅದರ ಹೆಸರು. ಅದು ಇದ್ದ ಕಡೆ ಕಂದು ಬಣ್ಣ ಹತ್ತುತ್ತದೆ. ಪುಂಡ ಜಾತಿಯಲ್ಲಿ ಅದು ಕೆಟ್ಟು, ಕೆಲಸ ಮಾಡದೆ ತುಂಬಿಕೊಂಡು, ಕೋಶಗಳೆಲ್ಲ ಗಾಢ ಕಂದಾಗುತ್ತವೆ ಎಂದು ಮಾಲತೇಶ ಓದಿದ್ದ. ಇಲ್ಲಿ ಬಣ್ಣವೇ ಇರಲಿಲ್ಲ. ‘ನಿಧಾನದ ಜಾತಿ’ ಎಂದು ಬರೆದು ಸಹಿ ಪಡೆಯಲು ಅವನು ಪೆನ್ನಿನ ಮುಚ್ಚಳ ತೆಗೆದಿದ್ದ.

ಅಂಬಾಬಾಯಿ ಮೇಡಂ ತಮ್ಮ ಚಹಾದ ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ಮೂಸಿ, ಆಮೇಲೆ ಕುಡಿದರು. ವಿದ್ಯಾರ್ಥಿಗಳು ಅವರನ್ನು ಹಿಂದಿನಿಂದ ‘ಅನುಮಾನದ ಅಂಬಕ್ಕ’ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು.

“ಮೊದಲು ಆ ಪೆನ್ನು ಮುಚ್ಚು. ಒಂದು ಕತೆ ಕೇಳು” ಎಂದರು.

“ಒಬ್ಬ ವ್ಯಾಪಾರಿ ಇದ್ದ. ಅವನಿಗೆ ಒಬ್ಬಳೇ ಮಗಳು, ತಾಯಿಯಿಲ್ಲದ ತಬ್ಬಲಿ. ಅವಳು ಸೇರುವ ಮನೆ ಚೆನ್ನಾಗಿರಬೇಕು ಎಂಬುದೊಂದೇ ಅವನ ಚಿಂತೆ. ತನ್ನ ಅಕ್ಕನನ್ನು ಕರೆದುಕೊಂಡು ಸಂಬಂಧ ನೋಡಲು ಹೊರಟ.

ಮೊದಲನೆಯ ಮನೆಯಲ್ಲಿ ಒಬ್ಬಳು ಅಜ್ಜಿ. ಬೆಳಗಿನಿಂದ ಬೈಗಿನವರೆಗೆ ಅವಳದು ಕೂಗೇ ಕೂಗು. ಬೆಕ್ಕನ್ನು ಬೈದಳು, ಬಂದವರನ್ನು ಬೈದಳು, ಗೋಡೆಯನ್ನೂ ಬಿಡಲಿಲ್ಲ. ಪಾಪ, ಅವಳಿಗೆ ಬುದ್ಧಿ ಕೆಟ್ಟು ಎಷ್ಟೋ ಕಾಲವಾಗಿತ್ತು. ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅವಳ ಕಣ್ಣೆದುರಿಗೇ ಮೊಮ್ಮಕ್ಕಳು ಕಣಜ ಬರಿದು ಮಾಡುತ್ತಿದ್ದರು. ವ್ಯಾಪಾರಿ ನೀರನ್ನೂ ಮುಟ್ಟದೆ ಎದ್ದು ಬಂದ. ಅಷ್ಟು ಬುದ್ಧಿ ಅವನಿಗಿತ್ತು, ನಿನಗೂ ಇದೆ. ಚೂರು ಪೂರ್ತಿ ಕಂದಾಗಿದ್ದರೆ ನೀನೂ ಹೌಹಾರಿ ನನ್ನ ಬಳಿ ಓಡಿ ಬರುತ್ತಿದ್ದೆ.

ಎರಡನೆಯ ಮನೆಯಲ್ಲೂ ಅಜ್ಜಿ ಇದ್ದಳು. ಒಬ್ಬ ಮೊಮ್ಮಗ ಹಾಲು ಚೆಲ್ಲಿದ. ‘ಏಯ್, ಕಣ್ಣು ಎಲ್ಲಿಟ್ಟಿದ್ದೀಯೋ?’ ಎಂದು ಗದರಿದಳು. ಅವನು ಒರೆಸಿದ. ಅವಳು ಸುಮ್ಮನಾದಳು. ಸ್ವಲ್ಪ ಹೊತ್ತಿಗೆ ಸೊಸೆಗೆ ಏನೋ ಒಂದು ಮಾತು ಅಂದಳು, ಮತ್ತೆ ಸುಮ್ಮನಾದಳು. ‘ಇಲ್ಲೂ ಬೈಗುಳ ತಪ್ಪಲಿಲ್ಲ’ ಎಂದು ವ್ಯಾಪಾರಿ ಅಲ್ಲಿಂದಲೂ ಎದ್ದ. ದಡ್ಡ! ನಾಲ್ಕು ಜನ ಬದುಕುವ ಮನೆಯಲ್ಲಿ ಅಷ್ಟು ಮಾತು ಬರಬೇಡವೆ?

ಮೂರನೆಯ ಮನೆಯಲ್ಲಿ ಒಂದು ಸದ್ದೂ ಇಲ್ಲ. ಮನೆ ತುಂಬ ಮಕ್ಕಳು. ಒಬ್ಬ ಕೆಸರುಗಾಲಿನಲ್ಲಿ ಅಡುಗೆಮನೆಗೆ ನುಗ್ಗಿದ, ಯಾರೂ ಏನೂ ಅನ್ನಲಿಲ್ಲ. ಇನ್ನೊಬ್ಬ ಬೀಗರ ಮುಂದಿಟ್ಟ ಉಂಡೆಯ ತಟ್ಟೆಯನ್ನೇ ಎತ್ತಿಕೊಂಡು ಹೋದ, ಆಗಲೂ ಯಾರೂ ಏನೂ ಅನ್ನಲಿಲ್ಲ. ವ್ಯಾಪಾರಿ ಅದನ್ನೆಲ್ಲ ನೋಡಲೇ ಇಲ್ಲ. ‘ಎಂಥ ಶಾಂತಿ! ನನ್ನ ಮಗಳು ಇಲ್ಲಿ ಒಂದು ಮಾತೂ ಕೇಳಬೇಕಾಗಿಲ್ಲ’ ಎಂದು ಕಣ್ಣೀರು ಹಾಕಿಕೊಂಡ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ. ಅಲ್ಲೇ ಮಾತು ಮುಗಿಸಿಬಿಡೋಣ ಎಂದು ತಾಂಬೂಲದ ತಟ್ಟೆ ಕೈಗೆತ್ತಿಕೊಂಡ.

ಅಕ್ಕ ಅವನ ಮೊಣಕೈ ಹಿಡಿದಳು.

‘ತಮ್ಮಾ, ನಿನ್ನ ಕಿವಿ ನೆಟ್ಟಗಿದೆ ತಾನೆ?’

‘ಈಗ ತಾನೆ ಪಕ್ಕದ ಮನೆಯಲ್ಲಿ ಯಾರೋ ಅಜ್ಜಿ ಗದರಿದ್ದು ಗೋಡೆಯಾಚೆಯಿಂದ ಕೇಳಿಸಿತಲ್ಲ ಅಕ್ಕ. ನನ್ನ ಕಿವಿಗೇನಾಗಿದೆ?’

‘ಹಾಗಾದರೆ ಈ ಮನೆಯ ಅಜ್ಜಿ ಎಲ್ಲಿ?’”

ಅಂಬಾಬಾಯಿ ಅಲ್ಲಿಗೆ ನಿಲ್ಲಿಸಿ ಉಳಿದ ಚಹಾ ಕುಡಿದರು.

ಮಾಲತೇಶ ಮತ್ತೆ ಸೂಕ್ಷ್ಮದರ್ಶಕಕ್ಕೆ ಬಗ್ಗಿದ. ಈ ಸಲ ಗಡ್ಡೆಯನ್ನು ಬಿಟ್ಟು ಅದರ ಪಕ್ಕ ನೋಡಿದ. ಆರೋಗ್ಯವಾಗಿದ್ದ ರಕ್ತನಾಳದ ಗೋಡೆಯಲ್ಲಿ ಅಲ್ಲೊಂದು ಇಲ್ಲೊಂದು ಕೋಶ ತೆಳುವಾಗಿ ಕಂದಾಗಿತ್ತು. ಬಣ್ಣ ಹಾಕಿದ್ದರಲ್ಲಿ ತಪ್ಪಿರಲಿಲ್ಲ. ಮತ್ತೆ ಗಡ್ಡೆಯ ಒಳಗೆ ಬಂದ. ಸಾವಿರಾರು ಕೋಶಗಳಿದ್ದವು. ನಿಧಾನದ ಜಾತಿಯಾಗಿದ್ದರೆ ಇಲ್ಲೂ ಅಷ್ಟಿಷ್ಟು ಕಂದು ಕಾಣಬೇಕಿತ್ತು, ಒಂದರಲ್ಲೂ ಇರಲಿಲ್ಲ. ತಡೆಯುವ ಪ್ರೋಟೀನ್ ಕೆಟ್ಟಿದ್ದರೂ, ಇರಲೇ ಇಲ್ಲದಿದ್ದರೂ ಫಲ ಒಂದೇ ಎಂದು ಅವನಿಗೆ ಹೊಳೆಯಿತು. ತಾನು ಸ್ವಚ್ಛ ಎಂದು ಓದಿದ್ದು ಪುಂಡ ಜಾತಿಯ ಗುರುತನ್ನೇ. ಅವನಿಗೆ ಭಯವಾಯಿತು, ನಾಚಿಕೆಯೂ ಆಯಿತು. ಅದನ್ನು ಮುಚ್ಚಿಕೊಳ್ಳಲು ಕತೆಯನ್ನೇ ಹಿಡಿದುಕೊಂಡ.

“ಕೊನೆಗೆ ಆ ವ್ಯಾಪಾರಿ ತಾಂಬೂಲ ಕೊಟ್ಟುಬಿಟ್ಟನೆ ಮೇಡಂ?”

“ನನ್ನನ್ನೇನು ಕೇಳುತ್ತೀಯಪ್ಪಾ, ಮಗಳು ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ, ಪೆನ್ನು ನಿನ್ನ ಕೈಯಲ್ಲಿದೆ.”