ಐವರು ಏಳುವ ಹೊತ್ತು

“ಮೇಷ್ಟ್ರೇ, ಪ್ರಯೋಗ ಮಾಡಿ ಅಳೆಯದೆ, ಬರೀ ಅಣುವಿನ ರಚನೆ ನೋಡಿ ಆವಿಯ ಒತ್ತಡ ಎಷ್ಟೆಂದು ಹೇಳಲು ಬರುತ್ತದೆಯೇ?” ಎಂದು ಶಿಷ್ಯೆ ನೀಲಗಂಗಾ ಕೇಳಿದಳು.

ಅವಳ ಮುಂದೆ ಎರಡು ದ್ರವಗಳ ರಚನಾಚಿತ್ರಗಳಿದ್ದವು. ಎರಡರಲ್ಲೂ ಅವೇ ಪರಮಾಣುಗಳು, ಅಷ್ಟೇ ಸಂಖ್ಯೆ, ಅಷ್ಟೇ ತೂಕ. ಅದಕ್ಕೇ ಎರಡೂ ಒಂದೇ ವೇಗದಲ್ಲಿ ಆವಿಯಾಗುತ್ತವೆ ಎಂದು ಎರಡಕ್ಕೂ ಒಂದೇ ಅಂದಾಜು ಬರೆದಿಟ್ಟಿದ್ದಳು. ಆದರೆ ಗಾಜಿನ ಬಟ್ಟಲಲ್ಲಿಟ್ಟ ಮೊದಲನೆಯದು ಮಧ್ಯಾಹ್ನದೊಳಗೆ ಹಾರಿಹೋಗಿತ್ತು. ಎರಡನೆಯದು ಹಾಗೇ ಕೂತಿತ್ತು. ಎರಡು ವರ್ಷದ ದುಡಿಮೆ ನೀರುಪಾಲಾಯಿತಲ್ಲ ಎಂದು ಅವಳಿಗೆ ಅಳುವೇ ಬಂದಿತ್ತು.

ಚೆನ್ನವೀರಪ್ಪ ಮೇಷ್ಟ್ರು ನಕ್ಕರು. “ಅಳು ಆಮೇಲಿರಲಿ, ಮೊದಲು ಊಟದ ಮಾತು ಕೇಳು.”

ಒಂದೂರಿನಲ್ಲಿ ಒಂದು ಅನ್ನಛತ್ರ. ಬಂದವರನ್ನು ‘ಯಾವಾಗ ಹೊರಡುತ್ತೀರಿ’ ಎಂದು ಅಲ್ಲಿ ಕೇಳಕೂಡದು. ಕೇಳಿದರೆ ‘ಹೋಗಿ’ ಎಂದ ಹಾಗೆ. ನಾಳೆ ಎಷ್ಟು ಜನ ಉಳಿಯುತ್ತಾರೆಂದು ಅಡುಗೆಯವನು ನೋಡಿಯೇ ಅಂದಾಜು ಮಾಡಿ ಅಕ್ಕಿ ಹಾಕಬೇಕು. ಎಲೆ ಹಾಸಿದ ಮೇಲೆ ಅನ್ನವಿಲ್ಲದೆ ಹೋದರೆ ಸೌಟು ಕೆಳಗಿಟ್ಟು ಮನೆಗೆ ನಡೆಯಬೇಕು.

ಅಲ್ಲಿಗೆ ಹೊಸ ಅಡುಗೆಯವನೊಬ್ಬ ಬಂದ. ಬುದ್ಧಿವಂತನೇ. ತಲೆ ಎಣಿಸಿ, ಗಂಟು ಎತ್ತಿ ನೋಡಿ ಲೆಕ್ಕ ಹಾಕುತ್ತಿದ್ದ. ಒಂದು ದಿನ ಐವರು ಬಂದರು, ಐದು ಗಂಟು. ಬೆಳಗಾಗುವಷ್ಟರಲ್ಲಿ ಹೊರಟುಹೋದರು. ಮರುವಾರ ಮತ್ತೆ ಐವರು, ಅಷ್ಟೇ ಭಾರದ ಐದು ಗಂಟು. ಇವರೂ ಹೋಗುವವರೇ ಎಂದು ಅವನು ಒಲೆಯನ್ನೇ ಹಚ್ಚದೆ ಕಾಲು ಚಾಚಿ ಕೂತ. ಮಧ್ಯಾಹ್ನ ನೋಡಿದರೆ ಐವರೂ ಕೈಕಾಲು ತೊಳೆದು ಎಲೆ ಮುಂದೆ ಕೂತಿದ್ದಾರೆ. ಪಾಪ, ಅವನ ಜೀವ ಬಾಯಿಗೆ ಬಂತು.

ಅಷ್ಟರಲ್ಲಿ, ವಯಸ್ಸಾಗಿ ಕೆಲಸ ಬಿಟ್ಟಿದ್ದ ಹಳೆಯ ಅಡುಗೆಯಜ್ಜಿ ತನ್ನ ಮನೆಯಿಂದ ಬಿಸಿ ಅನ್ನದ ತಪ್ಪಲೆ ತಂದು ಇಳಿಸಿದಳು.

“ಇವರು ಉಳಿಯುತ್ತಾರೆಂದು ನಿಮಗೆ ಹೇಗೆ ಗೊತ್ತಾಯಿತು ಅಜ್ಜಿ?”

“ಆವತ್ತಿನ ಐವರು ಐದು ಮೂಲೆಯಲ್ಲಿ ಮಲಗಿದ್ದರು ಕಣಪ್ಪ. ಇವರು ಮಲಗಿದ್ದನ್ನೂ ನಿನ್ನೆ ರಾತ್ರಿ ಬಂದು ನೋಡಿದೆ. ಅಜ್ಜನ ಊರುಗೋಲು ಅಳಿಯನ ಕೈಯಲ್ಲಿ, ಅಳಿಯನ ಚೀಲ ಮಗಳ ತಲೆಯಡಿಯಲ್ಲಿ, ಮಗಳ ಪುಟ್ಟ ಹುಡುಗ ನಾದಿನಿಯ ಮಡಿಲಲ್ಲಿ. ಒಬ್ಬರು ಏಳಬೇಕಾದರೆ ಐವರೂ ಏಳಬೇಕು. ಅದು ಅಷ್ಟು ಸುಲಭಕ್ಕೆ ಆಗುವ ಕೆಲಸವೇ?”

ಮೇಷ್ಟ್ರು ಕತೆ ನಿಲ್ಲಿಸಿದರು. ಅಡುಗೆಯವನ ಸೌಟು ಉಳಿಯಿತೆಂದು ನೀಲಗಂಗಾಗೆ ಸಮಾಧಾನವಾಯಿತು. ಆಮೇಲೆ ಅವಳ ಕಣ್ಣು ಚಿತ್ರಗಳ ಮೇಲೆ ಬಿತ್ತು. ಹಾರಿಹೋದ ದ್ರವದಲ್ಲಿ ಆಮ್ಲಜನಕ ಅಣುವಿನ ನಟ್ಟನಡುವೆ ಸಿಕ್ಕಿಕೊಂಡಿತ್ತು. ಉಳಿದ ದ್ರವದಲ್ಲಿ ಅದು ತುದಿಯಲ್ಲಿತ್ತು, ಒಂದು ಜಲಜನಕವನ್ನು ಪಕ್ಕದ ಅಣುವಿನ ಕಡೆಗೆ ಚಾಚಿಕೊಂಡು.

ಮೇಷ್ಟ್ರು ಆ ತುದಿಯ ಮೇಲೆ ಬೆರಳಿಟ್ಟರು.

“ತಲೆ ಎಣಿಸಿದ್ದೇನೋ ಸರಿ ತಾಯಿ, ಯಾರ ಕೈ ಯಾರು ಹಿಡಿದಿದ್ದಾರೆ ಅಂತ ನೋಡಿದ್ದೆಯಾ?”